ಗಣಪತಿ ರಜೆ ಮುಗಿದ ಮೇಲೆ ಉಳಿದ ಗಣಿತ

ಮುಂಬಯಿಯ ಪಶ್ಚಿಮ ಉಪನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ 17 ವರ್ಷಗಳಿಂದ ಗಣಿತ ಕಲಿಸುತ್ತಿರುವ ನನಗೆ, ವರ್ಷದಲ್ಲಿ ಒಂದು ದಿನ ಮಾತ್ರ ತರಗತಿಯೊಳಗೆ ಕಾಲಿಡಲು ಅಳುಕಾಗುತ್ತಿತ್ತು. ಅದು ಗಣಪತಿ ರಜೆ ಮುಗಿದ ಮೊದಲ ದಿನ. ರಜೆಗೆ ಮುಂಚೆ ಹಲಗೆಯ ಮೇಲಿನ ಲೆಕ್ಕ ನೋಡಿ ‘ತಿಳಿಯಿತು ಸರ್’ ಎಂದು ಒಕ್ಕೊರಲಿನಿಂದ ಹೇಳಿದ್ದ ಒಂಬತ್ತನೆಯ ತರಗತಿಯ ಮಕ್ಕಳು, ವಾರ ಕಳೆಯುವಷ್ಟರಲ್ಲಿ ಅದೇ ಸೂತ್ರವನ್ನು ಹೊಸದಾಗಿ ಕಂಡವರಂತೆ ನನ್ನ ಮುಖ ನೋಡುತ್ತಿದ್ದರು. ಕಾರಣವನ್ನು ನಾನು ಬಹುಕಾಲ ಶಾಲೆಯ ಹೊರಗೇ ಹುಡುಕಿದೆ. ಮನೆಯಲ್ಲಿ ಕೆಲವರದು ತುಳು, ಕೆಲವರದು ಕಲಬುರಗಿ ಕಡೆಯ ಕನ್ನಡ, ಓಣಿಯಲ್ಲಿ ಎಲ್ಲರದೂ ಹಿಂದಿ, ಓದಲು ಕೂರೋಣವೆಂದರೆ ಇಡೀ ಸಂಸಾರಕ್ಕೆ ಒಂದೇ ಕೋಣೆ. ಇವೆಲ್ಲ ನಿಜವೇ ಆದರೂ, ಅನುಕೂಲಸ್ಥರ ಮಕ್ಕಳೂ ಅಷ್ಟೇ ಮರೆಯುತ್ತಿದ್ದರು ಎಂಬುದನ್ನು ನಾನು ಕಂಡೂ ಕಾಣದಂತಿದ್ದೆ.

ಅರ್ಥಹೀನ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತವೆಂದು ಅಳೆದ ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಫಲಿತಾಂಶವನ್ನು 1885ರಲ್ಲೇ ಪ್ರಕಟಿಸಿದ್ದ. ಬಿ.ಎಡ್. ಓದುವಾಗ ಆ ಮರೆವಿನ ವಕ್ರರೇಖೆಯನ್ನು ಪರೀಕ್ಷೆಗೆಂದು ಬರೆದು ಬಂದಿದ್ದೆನೇ ಹೊರತು, ಅದು ನನ್ನ ತರಗತಿಯ ವಿಷಯವೆಂದು ಹೊಳೆದಿರಲಿಲ್ಲ. ಕಣ್ಣು ತೆರೆಸಿದ್ದು ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೀ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗದ್ಯಭಾಗವನ್ನು ಎರಡನೆಯ ಸಲ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಮ್ಮೆ ಓದಿ, ಬಳಿಕ ಪಠ್ಯವನ್ನು ನೋಡದೆ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದಿಕ್ಕಿದ್ದರು. ನಾನು ಅಷ್ಟು ವರ್ಷ ಅಳೆಯುತ್ತಿದ್ದುದು ಐದು ನಿಮಿಷದ ನೆನಪನ್ನು!

ಇದನ್ನು ಓದಿದ ವರ್ಷದ ಜೂನ್‌ನಿಂದ ಪ್ರತಿ ಅವಧಿಯ ಮೊದಲ ಏಳೆಂಟು ನಿಮಿಷ ಪುಸ್ತಕ ಮುಚ್ಚಿಸಿ, ಒಂದು ಚೀಟಿಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಸತೊಡಗಿದೆ: ನಿನ್ನೆಯದೊಂದು, ಹಿಂದಿನ ವಾರದ್ದೊಂದು, ಹಿಂದಿನ ತಿಂಗಳದ್ದೊಂದು. ಆರಂಭದಲ್ಲೇ ಒಂದು ತಪ್ಪು ಮಾಡಿದೆ. ಚೀಟಿಗಳನ್ನು ಸಂಗ್ರಹಿಸಿ ಅಂಕ ಹಾಕಿ ಓದಿ ಹೇಳುತ್ತಿದ್ದೆ. ಬೆಳಗ್ಗೆ ಮನೆಮನೆಗೆ ಪೇಪರ್ ಹಾಕಿ ಶಾಲೆಗೆ ಬರುತ್ತಿದ್ದ ಹುಡುಗನೊಬ್ಬ ಎರಡೇ ವಾರದಲ್ಲಿ ನನ್ನ ಅವಧಿ ಕಳೆದ ಮೇಲೆಯೇ ಬರಲಾರಂಭಿಸಿದ. ಪೇಪರ್ ತಡವಾಯಿತೆಂದು ಅವನೂ ಹೇಳಿದ, ನಾನೂ ನಂಬಿದಂತೆ ನಟಿಸಿದೆ. ಅಂಕ ನಿಲ್ಲಿಸಿ, ಚೀಟಿ ಮಕ್ಕಳ ಬಳಿಯೇ ಉಳಿಯುವಂತೆ, ಉತ್ತರವನ್ನು ಹಲಗೆಯ ಮೇಲೆ ನೋಡಿ ಅವರೇ ಬೇರೆ ಬಣ್ಣದ ಪೆನ್ನಿನಿಂದ ತಿದ್ದಿಕೊಳ್ಳುವಂತೆ ಮಾಡಿದ ಮೇಲೆ ಅವನ ಪೇಪರ್ ಸಮಯಕ್ಕೆ ಸರಿಯಾಗಿ ಬರತೊಡಗಿತು. ಉತ್ತರವನ್ನು ಮೊದಲು ತುಳುವಿನಲ್ಲೋ ಹಿಂದಿಯಲ್ಲೋ ಹೇಳಿ, ಆಮೇಲೆ ‘ತ್ರಿಜ್ಯ’, ‘ಘನಫಲ’ ಎಂಬ ಪಠ್ಯದ ಪದ ಸೇರಿಸಿ ಬರೆಯಲು ಅವಕಾಶ ಕೊಟ್ಟದ್ದಕ್ಕೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕನ್ನಡ ಶಾಲೆಯಲ್ಲಿ ಕನ್ನಡವೇ ಇರಬೇಕಲ್ಲವೇ ಎಂದು. ನನ್ನ ದೃಷ್ಟಿಯಲ್ಲಿ, ವಿಷಯ ನೆನಪಾಗದಿರುವುದು ಬೇರೆ, ಪದ ನೆನಪಾಗದಿರುವುದು ಬೇರೆ. ಎರಡನ್ನೂ ಒಂದೇ ತಪ್ಪೆಂದು ಎಣಿಸಿದರೆ ಯಾವುದನ್ನು ಮತ್ತೆ ಕಲಿಸಬೇಕೆಂಬುದು ನನಗೇ ತಿಳಿಯುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸುವ ಕೆಲಸ. ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಅಧ್ಯಾಯದಲ್ಲಿ ಸಿಲಿಂಡರಿನ ಹತ್ತು ಲೆಕ್ಕ, ಬಳಿಕ ಶಂಕುವಿನ ಹತ್ತು ಎಂದು ಮಾಡಿಸಿದಾಗ ಮಕ್ಕಳು ಪ್ರಶ್ನೆಯನ್ನು ಓದುವುದೇ ಇಲ್ಲ. ಹಿಂದಿನ ಲೆಕ್ಕದ ಸೂತ್ರದಲ್ಲಿ ಹೊಸ ಅಂಕಿಗಳನ್ನು ತುಂಬುತ್ತಾರೆ. ಸಂಶೋಧಕರಾದ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಘನಫಲದ ಲೆಕ್ಕಗಳದೇ. ಅಭ್ಯಾಸದ ವೇಳೆ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದ ಕಾಲೇಜು ವಿದ್ಯಾರ್ಥಿಗಳ ಉತ್ತರಗಳಲ್ಲಿ ಶೇ. 89 ಸರಿಯಿದ್ದವು, ಬೆರಕೆಯಾಗಿ ಮಾಡಿದವರದು ಶೇ. 60 ಮಾತ್ರ, ವಾರದ ನಂತರ ಮೊದಲಿನವರು ಶೇ. 20ಕ್ಕೆ ಕುಸಿದರೆ ಎರಡನೆಯವರು ಶೇ. 63ರಲ್ಲಿ ನಿಂತರು.

ಓದಿದ ಹುರುಪಿನಲ್ಲಿ ಶಂಕುವನ್ನು ಪರಿಚಯಿಸಿದ ದಿನವೇ ಬೆರಕೆ ಲೆಕ್ಕ ಕೊಟ್ಟು ಕೈಸುಟ್ಟುಕೊಂಡೆ. ಓರೆ ಎತ್ತರವೆಂದರೆ ಶಂಕುವಿನ ತುದಿಯಿಂದ ಬುಡದ ಅಂಚಿನವರೆಗಿನ ಉದ್ದವೆಂಬುದೇ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ಸೂತ್ರ ಆರಿಸೆಂದರೆ ಅವರು ಆರಿಸುವುದೇನನ್ನು? ಹೊಸದಾಗಿ ಕಲಿಯುವವರಿಗೆ ಬಿಡಿಸಿದ ಮಾದರಿ ಲೆಕ್ಕಗಳೇ ಹೆಚ್ಚು ನೆರವಾಗುತ್ತವೆಂದು ಆಸ್ಟ್ರೇಲಿಯಾದ ಶಿಕ್ಷಣ ಮನೋವಿಜ್ಞಾನಿ ಜಾನ್ ಸ್ವೆಲ್ಲರ್ 1980ರ ದಶಕದಲ್ಲೇ ತೋರಿಸಿದ್ದನ್ನು ನಾನು ಆಮೇಲೆ ಓದಿದೆ. ಈಗ ಮೊದಲು ಎರಡು ಮಾದರಿ, ಬಳಿಕ ಕೊನೆಯ ಹಂತ ಬಿಟ್ಟ ಒಂದು, ಸ್ವತಂತ್ರವಾಗಿ ನಾಲ್ಕು, ಮೂರನೆಯ ದಿನದಿಂದ ಬೆರಕೆ. ಬೆರಕೆಗೆ ವಸ್ತುಗಳು ಮಕ್ಕಳ ಮನೆಯವೇ. ನಲ್ಲಿಯ ಬಳಿಯ ನೀಲಿ ಡ್ರಮ್ಮಿನ ತ್ರಿಜ್ಯ 28 ಸೆಂ.ಮೀ., ಎತ್ತರ 90 ಸೆಂ.ಮೀ. ಆದರೆ ಅದು ಸುಮಾರು 222 ಲೀಟರ್ ನೀರು ಹಿಡಿಯುತ್ತದೆ. ಅದೇ ಡ್ರಮ್ಮಿನ ಸುತ್ತ ಬಣ್ಣ ಬಳಿಯಲು ಕೇಳಿದರೆ ಉತ್ತರ 15,840 ಚ.ಸೆಂ.ಮೀ. ಪಕ್ಕದಲ್ಲೇ ಚೌಪಾಟಿ ಕಡಲತೀರದ ಶಂಕುವಿನಾಕಾರದ ಶೇಂಗಾ ಪೊಟ್ಟಣ: ತ್ರಿಜ್ಯ 3.5, ಎತ್ತರ 12, ಓರೆ ಎತ್ತರ 12.5 ಸೆಂ.ಮೀ.; ಕಾಗದವೆಷ್ಟು, ಶೇಂಗಾ ಹಿಡಿಯುವುದೆಷ್ಟು? ಲೆಕ್ಕ ಬಿಡಿಸುವ ಮುನ್ನ ‘ಏನು ಕೇಳಿದ್ದಾರೆ, ಯಾವ ಸೂತ್ರ, ಏಕೆ’ ಎಂದು ಒಂದು ಸಾಲು ಬರೆಯಲೇಬೇಕು. ಕೆಲವು ದಿನ ಆ ಸಾಲಿನಲ್ಲೇ ಅವಧಿ ಮುಗಿಸುತ್ತೇನೆ.

ಇದರಿಂದ ತರಗತಿ ಹೊರನೋಟಕ್ಕೆ ಹದಗೆಟ್ಟಂತೆ ಕಾಣುತ್ತದೆ ಎಂಬುದನ್ನು ಮುಚ್ಚಿಡಲಾರೆ. ‘ಹಿಂದಿನ ವರ್ಷ ಮಗಳ ವಹಿ ತುಂಬ ರೈಟೇ ಇರ್ತಿತ್ರಿ ಸರ್, ಈ ವರ್ಷ ಬರೇ ತಪ್ಪು’ ಎಂದು ತಾಯಿಯೊಬ್ಬರು ಬಂದು ಕೇಳಿದಾಗ, ಅವರಿಗೆ ಸಂಶೋಧನೆ ಹೇಳಿ ಪ್ರಯೋಜನವಿರಲಿಲ್ಲ. ಜುಲೈ ತಿಂಗಳ ಚೀಟಿಗಳನ್ನೂ ಸೆಪ್ಟೆಂಬರ್‌ನವನ್ನೂ ಮಗಳ ಕೈಯಿಂದಲೇ ಜೋಡಿಸಿ ತೋರಿಸಿದೆ. ಅವರು ಚೀಟಿಗಿಂತ ಮಗಳ ಮುಖವನ್ನೇ ಹೆಚ್ಚು ನೋಡಿದರು. ಪೂರ್ತಿ ಒಪ್ಪಿದರೆಂದು ಹೇಳಲಾರೆ, ಮತ್ತೆ ದೂರು ತರಲಿಲ್ಲ.

ಆ ವರ್ಷ ಗಣಪತಿ ರಜೆಯ ಮರುದಿನ ಡ್ರಮ್ಮಿನ ಲೆಕ್ಕವನ್ನೇ ಕೊಟ್ಟೆ. ಹಲವರು ಸೂತ್ರದಲ್ಲಿ ಎಡವಿದರು, ಆದರೆ ನೀರಿಗೂ ಬಣ್ಣಕ್ಕೂ ಬೇರೆ ಬೇರೆ ಸೂತ್ರವೆಂಬುದನ್ನು ಮರೆತವರು ಬೆರಳೆಣಿಕೆಯಷ್ಟು. ರೇಖಾಗಣಿತದ ಸಾಧನೆಗಳಲ್ಲಿ ಮಾತ್ರ ನನ್ನ ಚೀಟಿಗಳು ಇನ್ನೂ ಕೈಕೊಡುತ್ತಿವೆ. ಮಕ್ಕಳು ಪ್ರಮೇಯವನ್ನು ಸಾಲುಸಾಲಾಗಿ ಒಪ್ಪಿಸುತ್ತಾರೆ, ಆಕೃತಿಯ ಅಕ್ಷರಗಳನ್ನು ಬದಲಿಸಿದರೆ ನಿಂತುಬಿಡುತ್ತಾರೆ. ದೀಪಾವಳಿ ರಜೆಗೆ ಮುಂಚೆ ಅಕ್ಷರಗಳೇ ಇಲ್ಲದ ಆಕೃತಿಗಳನ್ನು ಕೊಟ್ಟು, ಹೆಸರಿಡುವುದನ್ನೂ ಅವರಿಗೇ ಬಿಟ್ಟು ನೋಡಬೇಕೆಂದಿದ್ದೇನೆ.