ವ್ಯಾಲರಂಟ್ ತೆರೆಯುತ್ತಿಲ್ಲವೇ? ಬಯಾಸ್‌ಗೆ ಕೈಹಾಕುವ ಮುನ್ನ ಇಷ್ಟು ನೋಡಿಕೊಳ್ಳಿ

ವಿಂಡೋಸ್ 11 ಇರುವ ಕಂಪ್ಯೂಟರಿನಲ್ಲಿ ವ್ಯಾಲರಂಟ್ ತೆರೆಯಲು ಹೋದರೆ ಆಟದ ಬದಲು ‘ವ್ಯಾನ್ 9001’ ಅಥವಾ ‘ವ್ಯಾನ್ 9003’ ಎಂಬ ಸಂದೇಶ ಬಂದು ನಿಲ್ಲುತ್ತದೆ. ಆಟವನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದರೆ ಡೇಟಾ ಖರ್ಚಾಗುತ್ತದೆಯೇ ಹೊರತು ಸಂದೇಶ ಹೋಗುವುದಿಲ್ಲ. ತೊಡಕಿರುವುದು ಆಟದಲ್ಲಲ್ಲ, ಕಂಪ್ಯೂಟರ್ ಬೂಟ್ ಆಗುವ, ಅಂದರೆ ಆನ್ ಆಗಿ ವಿಂಡೋಸ್ ತೆರೆಯುವ ರೀತಿಯಲ್ಲಿ. 9001 ಬಂದರೆ ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಭದ್ರತಾ ಸೌಲಭ್ಯ) ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು ಎಂದರ್ಥ. 9003 ಬಂದರೆ ಸೆಕ್ಯೂರ್ ಬೂಟ್ ಆಫ್ ಇದೆ.

ಈ ಆಟದ ಕಾವಲು ತಂತ್ರಾಂಶ ವ್ಯಾನ್‌ಗಾರ್ಡ್ ಇವನ್ನು ಕೇಳುವುದಕ್ಕೆ ಕಾರಣವಿದೆ. ಮೋಸದಾಟದ ಕೆಲವು ಪ್ರೋಗ್ರಾಂಗಳು ವಿಂಡೋಸ್‌ಗಿಂತ ಮೊದಲೇ ಲೋಡ್ ಆಗಿ ಅಡಗಿ ಕೂರುತ್ತವೆ. ಕಳ್ಳ ಒಳಗೆ ಸೇರಿದ ಮೇಲೆ ಬಾಗಿಲಿಗೆ ಕಾವಲಿಟ್ಟರೆ ಏನು ಬಂತು? ಸೆಕ್ಯೂರ್ ಬೂಟ್ ಆನ್ ಇದ್ದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಬೂಟ್ ಫೈಲು ಓಡುವುದೇ ಇಲ್ಲ. ಬೂಟ್ ಆಗುವಾಗ ಏನೇನು ಲೋಡ್ ಆಯಿತು ಎಂಬ ದಾಖಲೆಯನ್ನು ಟಿಪಿಎಂ ತಿದ್ದಲಾಗದಂತೆ ಇಟ್ಟುಕೊಳ್ಳುತ್ತದೆ. 2025ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಎಂಬ ಆಟ ಕೂಡ ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದಿಲ್ಲ. ಆದ್ದರಿಂದ ಇಲ್ಲಿನ ಕ್ರಮ ಅದಕ್ಕೂ ಆಗಿಬರುತ್ತದೆ.

ಇಲ್ಲಿ ಕ್ರಮವೇ ಮುಖ್ಯ. ನೇರವಾಗಿ ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ತಂತ್ರಾಂಶ) ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿದವರಲ್ಲಿ ಹಲವರ ಕಂಪ್ಯೂಟರ್ ವಿಂಡೋಸ್‌ವರೆಗೂ ಬರದೆ ನಿಂತುಬಿಡುತ್ತದೆ. ಮೊದಲು ಈಗಿನ ಸ್ಥಿತಿ ನೋಡಿ, ಆಮೇಲೆ ಬಿಟ್‌ಲಾಕರ್ ಕೀಲಿ, ಆಮೇಲೆ ಡಿಸ್ಕ್, ಕೊನೆಗೆ ಬಯಾಸ್.

ಈಗಿನ ಸ್ಥಿತಿ

ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ಅಲ್ಲಿ ಎರಡು ಸಾಲು ಬೇಕು: ‘ಬಯಾಸ್ ಮೋಡ್’ ಮತ್ತು ‘ಸೆಕ್ಯೂರ್ ಬೂಟ್ ಸ್ಟೇಟ್’. ಮೊದಲನೆಯದು ಯುಇಎಫ್‌ಐ (ಹೊಸ ಬೂಟ್ ಪದ್ಧತಿ), ಎರಡನೆಯದು ಆಫ್ ಎಂದಿದ್ದರೆ ಕೆಲಸ ಸಲೀಸು, ಈ ಬರಹದ ಡಿಸ್ಕ್ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಮೊದಲನೆಯದು ಲೆಗಸಿ, ಎರಡನೆಯದು ಅನ್‌ಸಪೋರ್ಟೆಡ್ ಎಂದಿದ್ದರೆ ಹೆದರಬೇಡಿ. ಹಳೇ ಪದ್ಧತಿಯಲ್ಲಿ ಬೂಟ್ ಆಗುವ ಎಲ್ಲ ಕಂಪ್ಯೂಟರಿನಲ್ಲೂ ಹಾಗೆಯೇ ತೋರಿಸುತ್ತದೆ. ಮದರ್‌ಬೋರ್ಡಿಗೆ ಆ ಸೌಲಭ್ಯವೇ ಇಲ್ಲ ಎಂದು ತಿಳಿಯಬೇಕಿಲ್ಲ.

ಟಿಪಿಎಂ ನೋಡಲು ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ಡಿವೈಸ್ ಸೆಕ್ಯುರಿಟಿ’ಗೆ ಹೋಗಿ. ‘ಸೆಕ್ಯುರಿಟಿ ಪ್ರೊಸೆಸರ್’ ಎಂಬ ಭಾಗ ಕಂಡರೆ ಅದರ ವಿವರದಲ್ಲಿ ಸ್ಪೆಸಿಫಿಕೇಶನ್ ವರ್ಶನ್ 2.0 ಇದೆಯೇ ನೋಡಿ. ಆ ಭಾಗವೇ ಕಾಣದಿದ್ದರೆ ಬಹುತೇಕ ಅದು ಬಯಾಸ್‌ನಲ್ಲಿ ಆಫ್ ಆಗಿರುತ್ತದೆ.

ಬಿಟ್‌ಲಾಕರ್ ಕೀಲಿ ಕೈಯಲ್ಲಿರಲಿ

ಇದನ್ನು ಬಿಟ್ಟರೆ ಆಗುವ ನಷ್ಟ ದೊಡ್ಡದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ವಿಂಡೋಸ್‌ನ ಬಿಟ್‌ಲಾಕರ್ ಅದನ್ನು ಕೀಲಿ ಇಲ್ಲದೆ ಓದಲಾಗದಂತೆ ಮಾಡಿರಬಹುದು. ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ ನೀಲಿ ತೆರೆ ತೋರಿಸಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಫೋಟೊ, ಪ್ರಾಜೆಕ್ಟ್, ದಾಖಲೆ ಎಲ್ಲವೂ ಹೋದಂತೆ. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸ್‌ಗಳ ಪುಟದಲ್ಲಿ ರಿಕವರಿ ಕೀ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ವಿಂಡೋಸ್ ಪ್ರೊ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿಬಿಡಿ.

ಡಿಸ್ಕ್: ಎಂಬಿಆರ್‌ನಿಂದ ಜಿಪಿಟಿಗೆ

ಬಯಾಸ್ ಮೋಡ್ ಲೆಗಸಿ ಎಂದು ಬಂದವರಿಗೆ ಮಾತ್ರ ಈ ಕೆಲಸ. ಡಿಸ್ಕನ್ನು ಪಾರ್ಟಿಶನ್‌ಗಳಾಗಿ, ಅಂದರೆ ಭಾಗಗಳಾಗಿ ಹಂಚಿಡಲು ಎಂಬಿಆರ್, ಜಿಪಿಟಿ ಎಂಬ ಎರಡು ಶೈಲಿಗಳಿವೆ. ಹಳೇ ಪದ್ಧತಿಯಲ್ಲಿ ವಿಂಡೋಸ್ ಇರುವ ಡಿಸ್ಕ್ ಎಂಬಿಆರ್ ಶೈಲಿಯಲ್ಲಿರುತ್ತದೆ. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಲು ಅದು ಜಿಪಿಟಿ ಆಗಬೇಕು. ಮುಖ್ಯ ಫೈಲುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿಕೊಂಡು, ಕಮಾಂಡ್ ಪ್ರಾಂಪ್ಟನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮೂಲಕ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಅಲೌಫುಲ್‌ಒಎಸ್’ ಎಂದು ಟೈಪ್ ಮಾಡಿ. ಎಂಬಿಆರ್, 2, ಜಿಪಿಟಿ ಮೂರೂ ಕೂಡಿಕೊಂಡಿರಬೇಕು, ಅಲೌಫುಲ್‌ಒಎಸ್ ಕೂಡ ಒಂದೇ ಪದ. ಪ್ರತಿ ಓರೆಗೆರೆಗೂ ಮೊದಲು ಒಂದು ಸ್ಪೇಸ್ ಬೇಕು. ಇದು ಬರೀ ಪರೀಕ್ಷೆ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಪಾಸಾದರೆ ‘ವ್ಯಾಲಿಡೇಟ್’ ಜಾಗದಲ್ಲಿ ‘ಕನ್ವರ್ಟ್’ ಎಂದು ಬರೆದು ಮತ್ತೆ ಓಡಿಸಿ.

‘ಡಿಸ್ಕ್ ಲೇಔಟ್ ವ್ಯಾಲಿಡೇಶನ್ ಫೇಲ್ಡ್’ ಎಂದು ಬಂದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಪಾರ್ಟಿಶನ್‌ಗಳನ್ನು ಎಣಿಸಿ. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಶನ್ ಇರಲೇಬಾರದು. ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಹಂಚಿದ ಹಳೇ ಅಸೆಂಬಲ್ಡ್ ಕಂಪ್ಯೂಟರುಗಳು ಸಿಕ್ಕಿಬೀಳುವುದು ಇಲ್ಲೇ. ಹಸಿರು ಗೆರೆಯ ಚೌಕಟ್ಟಿನೊಳಗಿರುವ ಡ್ರೈವ್‌ಗಳು ಎಕ್ಸ್‌ಟೆಂಡೆಡ್‌ಗೆ ಸೇರಿದವು. ಅವುಗಳ ಫೈಲನ್ನೆಲ್ಲ ಹೊರಗಿನ ಡ್ರೈವಿಗೆ ಸಾಗಿಸಿ, ಕಾಪಿ ಸರಿಯಾಗಿ ತೆರೆಯುತ್ತದೆಯೇ ನೋಡಿದ ಮೇಲೆಯೇ ಅವನ್ನೂ ಚೌಕಟ್ಟನ್ನೂ ಡಿಲೀಟ್ ಮಾಡಿ. ‘ಸಿಸ್ಟಮ್ ರಿಸರ್ವ್ಡ್’ ಎಂಬ ಚಿಕ್ಕ ಪಾರ್ಟಿಶನ್ ಮುಟ್ಟಬೇಡಿ, ಬೂಟ್ ಫೈಲುಗಳು ಇರುವುದು ಅದರಲ್ಲಿ.

ಕನ್ವರ್ಟ್ ಮುಗಿಯುವಾಗ ವಿಂಡೋಸ್ ರಿಕವರಿ ಕುರಿತು ಎಚ್ಚರಿಕೆಯ ಸಾಲೊಂದು ಬರಬಹುದು. ‘ಕನ್ವರ್ಶನ್ ಕಂಪ್ಲೀಟೆಡ್ ಸಕ್ಸಸ್‌ಫುಲಿ’ ಎಂದು ಮೇಲೆ ಇದ್ದರೆ ಡಿಸ್ಕ್ ಸರಿಯಾಗಿಯೇ ಬದಲಾಗಿದೆ. ಇನ್ನು ಬಯಾಸ್ ಬದಲಿಸದೆ ವಿಂಡೋಸ್ ಬೂಟ್ ಆಗುವುದಿಲ್ಲ, ಆದ್ದರಿಂದ ರೀಸ್ಟಾರ್ಟ್ ಆಗುತ್ತಿದ್ದಂತೆಯೇ ಅಲ್ಲಿಗೆ ಹೋಗಬೇಕು.

ಬಯಾಸ್‌ನಲ್ಲಿ ಮೂರು ಬದಲಾವಣೆ

ಡೆಸ್ಕ್‌ಟಾಪ್‌ನಲ್ಲಿ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಿರಿ. ಡೆಲ್, ಏಸರ್, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10.

ಮೊದಲು ಟಿಪಿಎಂ ಆನ್ ಮಾಡಿ. ಇಂಟೆಲ್ ಬೋರ್ಡ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆಸುಸ್‌ನಲ್ಲಿ ಅಡ್ವಾನ್ಸ್ಡ್ ಪುಟದೊಳಗೆ, ಗಿಗಾಬೈಟ್‌ನಲ್ಲಿ ಸೆಟ್ಟಿಂಗ್ಸ್‌ನ ಮಿಸಲೇನಿಯಸ್‌ನಲ್ಲಿ, ಎಂಎಸ್‌ಐನಲ್ಲಿ ಸೆಕ್ಯುರಿಟಿಯ ಟ್ರಸ್ಟೆಡ್ ಕಂಪ್ಯೂಟಿಂಗ್‌ನಲ್ಲಿ ಸಿಗುತ್ತದೆ.

ಎರಡನೆಯದು ಸಿಎಸ್‌ಎಂ. ಹಳೇ ಪದ್ಧತಿಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್ ಇದು. ಬೂಟ್ ಪುಟದಲ್ಲಿರುವ ಇದನ್ನು ಡಿಸೇಬಲ್ ಮಾಡಿ, ಬೂಟ್ ಸಾಲಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿಗೆ ಬರುವಂತೆ ನೋಡಿಕೊಳ್ಳಿ. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ಆಫ್ ಆದ ಮೇಲೆ ತೆರೆಯೇ ಕಪ್ಪಾಗಬಹುದು, ಏಕೆಂದರೆ ಅಂಥ ಕಾರ್ಡಿನಲ್ಲಿ ಯುಇಎಫ್‌ಐಗೆ ಬೇಕಾದ ಡ್ರೈವರ್ ಇರುವುದಿಲ್ಲ. ಆಗ ವಿದ್ಯುತ್ ಕೇಬಲ್ ಕಿತ್ತು, ಮದರ್‌ಬೋರ್ಡಿನ ನಾಣ್ಯದಂಥ ಸಿಆರ್ 2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟು ಹಾಕಿದರೆ ಬಯಾಸ್ ಮೊದಲಿನ ಸ್ಥಿತಿಗೆ ಬರುತ್ತದೆ.

ಇಲ್ಲಿಗೆ ಎಫ್10 ಒತ್ತಿ ಸೇವ್ ಮಾಡಿ, ವಿಂಡೋಸ್ ತೆರೆಯುತ್ತದೆಯೇ ಒಮ್ಮೆ ನೋಡಿ. ತೆರೆದರೆ ಮತ್ತೆ ಬಯಾಸ್‌ಗೆ ಬಂದು ಮೂರನೆಯದಾದ ಸೆಕ್ಯೂರ್ ಬೂಟ್ ಆನ್ ಮಾಡಿ. ಆಸುಸ್‌ನಲ್ಲಿ ‘ಒಎಸ್ ಟೈಪ್’ ಎಂಬಲ್ಲಿ ‘ವಿಂಡೋಸ್ ಯುಇಎಫ್‌ಐ ಮೋಡ್’ ಆರಿಸಬೇಕು. ‘ಎನೇಬಲ್ಡ್’ ಎಂದಿದ್ದೂ ಪಕ್ಕದಲ್ಲಿ ‘ನಾಟ್ ಆ್ಯಕ್ಟಿವ್’ ಎಂದು ತೋರಿಸಿದರೆ ಸಹಿ ಪರಿಶೀಲಿಸುವ ಕೀಲಿಗಳು ಬೋರ್ಡಿನಲ್ಲಿ ಲೋಡ್ ಆಗಿಲ್ಲ ಎಂದರ್ಥ. ಮೋಡ್ ಅನ್ನು ಕಸ್ಟಮ್ ಮಾಡಿ ಮತ್ತೆ ಸ್ಟ್ಯಾಂಡರ್ಡ್‌ಗೆ ತನ್ನಿ, ಇಲ್ಲವೇ ‘ರಿಸ್ಟೋರ್ ಫ್ಯಾಕ್ಟರಿ ಕೀಸ್’ ಒತ್ತಿ. ಎಲ್ಲ ಸರಿ ಮಾಡಿದರೂ 9003 ಹೋಗುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎಎಂಡಿ ಬೋರ್ಡಿನಲ್ಲಿ ಬಯಾಸ್ ಅಪ್‌ಡೇಟ್ ಆದ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡಬೇಕೆ ಎಂದು ವೈ ಅಥವಾ ಎನ್ ಕೇಳಬಹುದು. ಬಿಟ್‌ಲಾಕರ್ ಕೀಲಿ ಕೈಯಲ್ಲಿಲ್ಲದಿದ್ದರೆ ವೈ ಒತ್ತಬೇಡಿ.

ಇನ್ನೂ ತೆರೆಯದಿದ್ದರೆ

ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಎಂದು ಬಂದಮೇಲೂ ಆಟ ಹಟ ಹಿಡಿದರೆ, ಸ್ಟಾರ್ಟ್ ಮೆನುವಿನಿಂದ ‘ಸರ್ವಿಸಸ್’ ತೆರೆದು ವ್ಯಾನ್‌ಗಾರ್ಡ್‌ನ ‘ವಿಜಿಸಿ’ ಎಂಬುದರ ಸ್ಟಾರ್ಟಪ್ ಟೈಪ್ ‘ಆಟೋಮ್ಯಾಟಿಕ್’ ಮಾಡಿ ರೀಸ್ಟಾರ್ಟ್ ಮಾಡಿ. ಬಗ್ಗದಿದ್ದರೆ ‘ರಯಟ್ ವ್ಯಾನ್‌ಗಾರ್ಡ್’ (ರಯಟ್ ಆಟದ ಕಂಪನಿಯ ಹೆಸರು) ಒಂದನ್ನೇ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ರಯಟ್ ಕ್ಲೈಂಟ್ ತೆರೆಯಿರಿ. ಅದು ವ್ಯಾನ್‌ಗಾರ್ಡನ್ನು ಮತ್ತೆ ಇನ್‌ಸ್ಟಾಲ್ ಮಾಡುತ್ತದೆ, ಬಳಿಕ ಇನ್ನೊಂದು ರೀಸ್ಟಾರ್ಟ್ ಬೇಕು. ‘ವ್ಯಾನ್ 9002’ ಬಂದರೆ ವಿಂಡೋಸ್ ಸೆಕ್ಯುರಿಟಿಯ ‘ಎಕ್ಸ್‌ಪ್ಲಾಯ್ಟ್ ಪ್ರೊಟೆಕ್ಷನ್’ ಪುಟದಲ್ಲಿ ‘ಕಂಟ್ರೋಲ್ ಫ್ಲೋ ಗಾರ್ಡ್’ ಆನ್ ಮಾಡಿದರೆ ಸಾಕು.

ಈ ದೋಷಗಳನ್ನು ಒಂದೇ ಕ್ಲಿಕ್ಕಿನಲ್ಲಿ ಸರಿಪಡಿಸುತ್ತೇವೆಂದು ಆ್ಯಂಟಿವೈರಸ್ ಆಫ್ ಮಾಡಿಸುವ ಟೂಲ್‌ಗಳ ಸಹವಾಸ ಬೇಡ. ವಿಂಡೋಸ್ ಒಳಗೆ ಓಡುವ ಅಂಥ ಟೂಲ್ ಸೆಕ್ಯೂರ್ ಬೂಟ್ ಆನ್ ಮಾಡಲಾರದು, ಪಾಸ್‌ವರ್ಡ್ ಮಾತ್ರ ಕದಿಯಬಲ್ಲದು. ಇನ್ನು ಟಿಪಿಎಂ 2.0 ಇಲ್ಲದ ಹಳೆಯ ಕಂಪ್ಯೂಟರಿಗೆ ನಿಯಮ ತಪ್ಪಿಸಿ ವಿಂಡೋಸ್ 11 ಹಾಕಿಸಿಕೊಂಡಿದ್ದರೆ 9001ಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಮದರ್‌ಬೋರ್ಡಿನಲ್ಲಿ ಟಿಪಿಎಂ ಎಂದು ಬರೆದ ಪಿನ್‌ಗಳಿದ್ದರೆ ಅದೇ ಕಂಪನಿಯ, ಅಷ್ಟೇ ಪಿನ್‌ಗಳ 2.0 ಮಾಡ್ಯೂಲ್ ಕೊಂಡು ಹಾಕಬಹುದು. ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಕೊಳ್ಳುವ ಮೊದಲು ಬೋರ್ಡಿನ ಮಾಡೆಲ್ ಸಂಖ್ಯೆಯನ್ನು ಅಂಗಡಿಯವರಿಗೆ ತೋರಿಸಿ.