ದಾವಣಗೆರೆ ಮಗ್ಗುಲ ಹಳ್ಳಿಯಲ್ಲಿ ಮನೆ ಕೊಂಡ ಬಗೆ: ಕಾಗದ, ಟೇಪು, ಎರೆಮಣ್ಣು

ದಾವಣಗೆರೆಯ ಅಂಚಿನಲ್ಲಿ ಹಳ್ಳಿಯಂತೆಯೇ ಉಳಿದಿರುವ ಜಾಗಗಳು ಎರಡು ಬಗೆ. ಆವರಗೆರೆ, ಶಾಮನೂರಿನಂಥವು ನೋಡಲು ಹಳ್ಳಿ, ಲೆಕ್ಕದಲ್ಲಿ ಮಹಾನಗರ ಪಾಲಿಕೆ. ತೋಳಹುಣಸೆ, ದೊಡ್ಡಬಾತಿಯಂಥವು ಗ್ರಾಮ ಪಂಚಾಯಿತಿ. ಓಣಿ, ಕಟ್ಟೆ, ಹಿತ್ತಲು ಎಲ್ಲ ಒಂದೇ ಥರ ಇದ್ದರೂ ಕೇಳಬೇಕಾದ ದಾಖಲೆ ಬೇರೆ. ಆಸ್ತಿಯ ಕಂಪ್ಯೂಟರ್ ದಾಖಲೆಗೆ ಪಾಲಿಕೆಯಾದರೆ ಇ-ಖಾತಾ, ಪಂಚಾಯಿತಿಯಾದರೆ ಇ-ಸ್ವತ್ತು ಎನ್ನುತ್ತಾರೆ. ನಾವು ಕೊಂಡದ್ದು ಪಂಚಾಯಿತಿ ವ್ಯಾಪ್ತಿಯಲ್ಲಿ, ಗ್ರಾಮಠಾಣಾದ (ದಾಖಲೆಯಲ್ಲಿ ಊರಿನ ವಾಸಕ್ಕೆಂದು ಗುರುತಿಸಿದ ಜಾಗದ) ಒಳಗಿನ ಮನೆ. ಹೀಗಾಗಿ ಇಲ್ಲಿ ಹೇಳುವುದೂ ಹೆಚ್ಚಾಗಿ ಅಂಥ ಮನೆಗಳ ಬಗ್ಗೆಯೇ.

ನಾವು ಪಾಲಿಸಿದ ಕಟ್ಟುಪಾಡು ಒಂದೇ. ಕಾಗದದಲ್ಲಿ ಬರೆದಿರುವುದು, ಟೇಪು ತೋರಿಸುವುದು, ಪಕ್ಕದ ಮನೆಯವರು ಒಪ್ಪುವುದು, ಈ ಮೂರೂ ಒಂದೇ ಆಗುವವರೆಗೆ ಮುಂಗಡ ಕೊಡುವಂತಿಲ್ಲ. "ಇವತ್ತು ಒಳ್ಳೇ ದಿನ, ಸ್ವಲ್ಪ ಅಡ್ವಾನ್ಸ್ ಕೊಟ್ಟು ಮಾತು ಗಟ್ಟಿ ಮಾಡ್ಕಳ್ರಿ" ಅಂತ ಮಧ್ಯಸ್ಥರು ಹೇಳುತ್ತಾರೆ. ಎಲೆ ಅಡಿಕೆ ಇಟ್ಟು ಮಾತಾಡಲು ಅಡ್ಡಿಯಿಲ್ಲ. ದುಡ್ಡು ಮಾತ್ರ ಬೇಡ.

ಮೊದಲು ಕೇಳಬೇಕಾದ್ದು ಫಾರಂ 9 ಮತ್ತು 11ಎ, ಅಂದರೆ ಇ-ಸ್ವತ್ತಿನಲ್ಲಿ ಪಂಚಾಯಿತಿ ಕೊಡುವ ಆಸ್ತಿ ಪತ್ರಗಳು. ಗ್ರಾಮಠಾಣಾದೊಳಗಿನ ಮನೆಗೆ, ಅಥವಾ ಭೂಪರಿವರ್ತನೆಯಾಗಿ ಬಡಾವಣೆ ನಕ್ಷೆ ಮಂಜೂರಾದ ನಿವೇಶನಕ್ಕೆ ಇವು ಸಿಗುತ್ತವೆ. ಹೊಲದಲ್ಲಿ ಪರಿವರ್ತನೆಯೂ ಇಲ್ಲದೆ, ಬಡಾವಣೆಗೆ ಅನುಮೋದನೆಯೂ ಇಲ್ಲದೆ ಕಟ್ಟಿದ ಮನೆಗೆ ಕೊಡುತ್ತಾ ಬಂದಿದ್ದು 11ಬಿ. 11ಬಿ ಮನೆ ಅಗ್ಗಕ್ಕೆ ಸಿಗುತ್ತದೆ. ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಅದಕ್ಕೆ ಸಾಲ ಕೊಡುವುದಿಲ್ಲ, ಮುಂದೆ ಮಾರುವಾಗಲೂ ಕೈಯಲ್ಲಿ ಪೂರ್ತಿ ಹಣ ಇರುವವರೇ ಬರಬೇಕು. "ವರ್ಷಾ ವರ್ಷ ಕಂದಾಯ ಕಟ್ಟೀವಿ" ಅಂತ ರಸೀದಿ ಕಟ್ಟು ತೋರಿಸುವವರಿದ್ದಾರೆ. ಕಂದಾಯದ ರಸೀದಿ ಒಡೆತನಕ್ಕೆ ಪುರಾವೆ ಅಲ್ಲ. ಮೂಲ ಕ್ರಯಪತ್ರ, ಪಾಲುಪತ್ರ, ದಾನಪತ್ರ ಅಥವಾ (ಸರ್ಕಾರ ಜಾಗ ಮಂಜೂರು ಮಾಡಿ ಕೊಟ್ಟ) ಹಕ್ಕುಪತ್ರ, ಇವುಗಳಲ್ಲಿ ಒಂದು ಇರಲೇಬೇಕು. ಹಕ್ಕುಪತ್ರವಾದರೆ ಎಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಷರತ್ತಿದೆಯೋ ಓದಿ. ಆ ಅವಧಿಯೊಳಗೆ ಮಾರಿದರೆ ಮಂಜೂರಾತಿಯೇ ರದ್ದಾಗಬಹುದು. ಜಾಗ ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅಲ್ಲಿ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ, ಜಮೀನು ಮರಳಿ ಕೇಳಲು ಕಾಲಮಿತಿಯೂ ಇಲ್ಲ.

ಇನ್ನು ಟೇಪು. ಇದಕ್ಕೆ ನಾವು ಒಂದು ಪೂರ್ತಿ ದಿನ ಇಟ್ಟೆವು, ನೀವೂ ಇಡಿ. ಇ-ಸ್ವತ್ತಿನಲ್ಲಿ ಅಳತೆ ಮೀಟರಿನಲ್ಲಿರುತ್ತದೆ, ಹಳೆಯ ಪತ್ರದಲ್ಲಿ ಅಡಿಯಲ್ಲಿ, ಇನ್ನೂ ಹಳೆಯದರಲ್ಲಿ ಅಂಕಣದಲ್ಲಿ (ಕಂಬದಿಂದ ಕಂಬಕ್ಕೆ ಎಣಿಸುವ ಹಳೆಯ ಅಳತೆ). ನಾವು ಕೊಂಡ ಮನೆಯ ಕಾಗದದಲ್ಲಿ 30 ಅಡಿ ಅಗಲ, 45 ಅಡಿ ಉದ್ದ ಎಂದಿತ್ತು, ಅಂದರೆ 125 ಚದರ ಮೀಟರಿಗೆ ಸ್ವಲ್ಪ ಮೇಲೆ. ಅಳೆದರೆ ಮುಂದೆ 30 ಅಡಿ, ಹಿಂದೆ 27. ಒಟ್ಟು 1,350 ಚದರ ಅಡಿಯ ಬದಲು ಸುಮಾರು 1,282. ಇದರಲ್ಲಿ ಯಾರ ಮೋಸವೂ ಇಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಜಾಗ ಓರೆಯಾಗಿ ಒಡೆದಿರುತ್ತದೆ, ದಾಖಲೆ ಏರಿಸುವಾಗ ಮುಂದಿನ ಅಗಲವನ್ನೇ ಹಿಂದಕ್ಕೂ ಬರೆದಿರುತ್ತಾರೆ. ಹೀಗಾಗಿ ನಾಲ್ಕೂ ಬದಿ ಬೇರೆ ಬೇರೆ ಅಳೆಯಿರಿ, ಜೊತೆಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಅಳತೆ ತಗೊಳ್ಳಿ. ಆ ಎರಡು ಸಮ ಬರದಿದ್ದರೆ ಜಾಗ ಚೌಕ ಅಲ್ಲ. ವ್ಯತ್ಯಾಸ ಕಂಡರೆ ಪರವಾನಗಿ ಇರುವ ಸರ್ವೆಯರ್ ಕೈಲಿ ನಕ್ಷೆ ಮಾಡಿಸಿ, ಮಾರುವವರಿಂದಲೇ ಪಂಚಾಯಿತಿಗೆ ಅರ್ಜಿ ಹಾಕಿಸಿ, ಇ-ಸ್ವತ್ತು ತಿದ್ದಿಸಿದ ಮೇಲೆಯೇ ನೋಂದಣಿಗೆ ಹೋಗಿ. ನೋಂದಣಿಗೆ ಅಳತೆ ಬರುವುದು ಇ-ಸ್ವತ್ತಿನಿಂದ. ಪತ್ರದಲ್ಲಿ ಒಂದು, ಅಲ್ಲಿ ಒಂದು ಇದ್ದರೆ ನಾಳೆ ತಕರಾರು ನಿಮ್ಮ ಬಾಗಿಲಿಗೇ ಬರುತ್ತದೆ.

ಚೆಕ್‌ಬಂದಿಯನ್ನು, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಯನ್ನು, ಓಣಿಯಲ್ಲಿ ನಿಂತು ಓದಬೇಕು. "ಪೂರ್ವಕ್ಕೆ ಇಂಥವರ ಮನೆ" ಎಂದು ಬರೆದಿರುವ ಹೆಸರು ಮೂವತ್ತು ವರ್ಷ ಹಿಂದಿನದಿರಬಹುದು, ಈಗ ಅಲ್ಲಿ ಮೊಮ್ಮಕ್ಕಳಿರುತ್ತಾರೆ. ಇಬ್ಬರಿಗೂ ಸೇರಿದ ಗೋಡೆ ಯಾವುದು, ಸೂರಿನ ನೀರು ಯಾರ ಜಾಗದಲ್ಲಿ ಬೀಳುತ್ತದೆ, ಹಿತ್ತಲಿಗೆ ಹೋಗುವ ದಾರಿ ಯಾರದು, ಬಚ್ಚಲ ನೀರಿನ ಚರಂಡಿ ಎಲ್ಲಿಂದ ಹರಿಯುತ್ತದೆ, ಈ ನಾಲ್ಕನ್ನೂ ಅಕ್ಕಪಕ್ಕದವರನ್ನೇ ಕೇಳಿ ಪತ್ರದಲ್ಲಿ ಬರೆಸಿ. ಸರ್ವೆ ನಕ್ಷೆಯ ಮೇಲೆ ಅವರ ಸಹಿ ಹಾಕಿಸಿ. ಗೋಡೆ ಹಂಚಿಕೊಂಡ ಮನೆಯ ಯಜಮಾನರು ಕ್ರಯಪತ್ರಕ್ಕೆ ಸಾಕ್ಷಿಯಾದರೆ ಇನ್ನೂ ಒಳ್ಳೆಯದು. ಪಟ್ಟಣದಿಂದ ಯಾರೋ ಪರಿಚಯದವರನ್ನು ಕರೆದುಕೊಂಡು ಹೋಗಿ ಸಾಕ್ಷಿ ಹಾಕಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಸಹಿ ಯಾರ್ಯಾರದು ಬೇಕು ಅನ್ನುವುದರಲ್ಲೇ ಹಳ್ಳಿ ಮನೆಗಳ ವ್ಯಾಜ್ಯ ಹುಟ್ಟುವುದು. ಖಾತೆ ಹಿರಿಯಣ್ಣನ ಹೆಸರಿನಲ್ಲಿದ್ದರೂ ಮನೆ ಪಿತ್ರಾರ್ಜಿತವಾದರೆ ಎಲ್ಲರಿಗೂ ಪಾಲಿದೆ. ಹೆಣ್ಣುಮಕ್ಕಳಿಗೂ ಸಮಪಾಲು, 2005ರ ತಿದ್ದುಪಡಿಯಿಂದ ಅದು ಸ್ಪಷ್ಟ. "ಅಕ್ಕ ಹರಪನಹಳ್ಳಿಗೆ ಕೊಟ್ಟು ಇಪ್ಪತ್ತು ವರ್ಷ ಆಯ್ತು, ಅವಳೇನೂ ಕೇಳಲ್ಲ" ಅನ್ನುವ ಮಾತಿಗೆ ಬೆಲೆಯಿಲ್ಲ. ಅಕ್ಕನೇ ಬಂದು ಸಹಿ ಮಾಡಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ, ಅದರಲ್ಲಿರುವ ಹೆಸರುಗಳನ್ನೂ ಓಣಿಯವರು ಹೇಳುವ ಹೆಸರುಗಳನ್ನೂ ತಾಳೆ ನೋಡಿ. ತೀರಿಕೊಂಡ ಮಗನ ಹೆಂಡತಿ ಮಕ್ಕಳ ಹೆಸರು ಬಿಟ್ಟುಹೋಗಿರುವುದು ಹೆಚ್ಚು. ಅಪ್ರಾಪ್ತ ವಯಸ್ಸಿನವರ ಹೆಸರಿನಲ್ಲೇ ಇರುವ ಆಸ್ತಿಯಾದರೆ ನ್ಯಾಯಾಲಯದ ಅನುಮತಿ ಇಲ್ಲದೆ ಮುಟ್ಟಬೇಡಿ. ಇದೆಲ್ಲ ಆದ ಮೇಲೂ ಸ್ಥಳೀಯ ದಿನಪತ್ರಿಕೆಯಲ್ಲಿ ವಕೀಲರಿಂದ ಸಾರ್ವಜನಿಕ ಪ್ರಕಟಣೆ ಕೊಡಿಸಿ, ಹದಿನೈದು ದಿನ ಕಾದೆವು.

ಇ.ಸಿ.ಯನ್ನು (ಆಸ್ತಿ ಮೇಲಿನ ನೋಂದಾಯಿತ ವಹಿವಾಟು, ಋಣ ತೋರಿಸುವ ಪತ್ರ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ತೆಗೆಯಬಹುದು, ಆದರೆ ಅದು 1-4-2004ರಿಂದ ಈಚಿನದು ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ. ಒಟ್ಟು 30 ವರ್ಷದ್ದು ತೆಗೆಸಿ. ಹಳ್ಳಿ ಮನೆಗೆ ಹಳೆಯ ಖಾನೇಷುಮಾರಿ (ಮನೆ ಎಣಿಕೆ) ನಂಬರ್, ಆಮೇಲಿನ ಅಸೆಸ್‌ಮೆಂಟ್ (ಕಂದಾಯದ) ನಂಬರ್, ಈಗಿನ ಇ-ಸ್ವತ್ತು ನಂಬರ್ ಅಂತ ಮೂರು ಇರುತ್ತವೆ. ಒಂದೇ ನಂಬರಿಗೆ ಹುಡುಕಿದರೆ ವಹಿವಾಟು ಏನೂ ಇಲ್ಲ ಎಂದು ಫಾರಂ 16 ಬಂದು ನೆಮ್ಮದಿಯಾಗಿಬಿಡುತ್ತದೆ. ಮೂರಕ್ಕೂ ಹುಡುಕಿಸಿ. ಮೂಲಪತ್ರ ಕೇಳಿದಾಗಲೆಲ್ಲ ಜೆರಾಕ್ಸ್ ಬರುತ್ತಿದ್ದರೆ, ಪತ್ರ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಡವಿರಬಹುದು ಅಂತಲೇ ತಿಳಿಯಿರಿ. ಸರ್ಕಾರದ ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ಮನೆ ಮುಂದೆ ನಿಂತು ಸರ್ವೆ ನಂಬರ್ ನೋಡಿ. ಕೆರೆ, ಗೋಮಾಳ, ಬಂಡಿದಾರಿ ಮೇಲೆ ಮನೆ ಕೂತಿದ್ದರೆ ಅಲ್ಲೇ ಸುಳಿವು ಸಿಗುತ್ತದೆ. ತುಮಕೂರು–ದಾವಣಗೆರೆ ಹೊಸ ರೈಲು ಮಾರ್ಗ ಹಾಯುವ ದಿಕ್ಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿ ಕೊಳ್ಳುವವರು ಭೂಸ್ವಾಧೀನದ ಅಧಿಸೂಚನೆಯನ್ನೂ ನೋಡಬೇಕು.

ಕಾಗದ ಎಷ್ಟು ಚೊಕ್ಕವಿದ್ದರೂ ದಾವಣಗೆರೆಯಲ್ಲಿ ಮನೆಯನ್ನು ಹಿಡಿದು ಆಡಿಸುವುದು ಎರೆಮಣ್ಣು. ಭದ್ರಾ ನಾಲೆಯ ಕೆಳಗಿನ ಗದ್ದೆ, ಎರೆಹೊಲಗಳೇ ಇಲ್ಲಿ ಊರಿನ ಅಂಚಾಗಿರುವುದು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಸುಮಾರು 3.5 ಮೀಟರ್ ಆಳದವರೆಗೂ ಈ ಉಸಿರಾಟ ಇರುತ್ತದೆ. ಮೂರಡಿ ಪಾಯದ ಮೇಲೆ ನಿಂತ ಮನೆ ಅದರ ಜೊತೆಗೇ ಏರಿ ಇಳಿಯುತ್ತದೆ. ಗೋಡೆಯ ನಡುಭಾಗಕ್ಕಿಂತ ಹೊರಮೂಲೆಗಳ ಮಣ್ಣು ಬೇಗ ಒಣಗುವುದರಿಂದ ಬಿರುಕು ಮೂಲೆಯಿಂದ, ಕಿಟಕಿ ಬಾಗಿಲಿನ ತುದಿಯಿಂದ ಓರೆಯಾಗಿ ಹೊರಡುತ್ತದೆ. ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಕಿಲ್ಲ. ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವ, 3 ಮಿಲಿಮೀಟರಿಗಿಂತ ಅಗಲದ, ಒಳಗೂ ಹೊರಗೂ ಒಂದೇ ಕಡೆ ಕಾಣುವ ಬಿರುಕಿಗೆ ಎಂಜಿನಿಯರ್ ಕರೆಸಿ. ಬಿರುಕು ಇನ್ನೂ ಬೆಳೆಯುತ್ತಿದೆಯೇ ತಿಳಿಯಲು ತೆಳ್ಳನೆಯ ಗಾಜಿನ ಪಟ್ಟಿಯನ್ನು ಅದರ ಮೇಲೆ ಅಡ್ಡಲಾಗಿ ಇಟ್ಟು, ಎರಡು ತುದಿಗೆ ಸಿಮೆಂಟ್ ಮೆತ್ತಿ, ತಾರೀಖು ಬರೆದು ಬಿಡಿ. ಗೋಡೆ ಕದಲಿದರೆ ಗಾಜು ಒಡೆಯುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಅಟ್ಟ, ಬಚ್ಚಲು, ಬೀರು ಹಿಂದಿನ ಗೋಡೆ ನೋಡಿ, ಅಲ್ಲಿ ಬಣ್ಣ ಮುಟ್ಟಿರುವುದಿಲ್ಲ.

ಮನೆಯನ್ನು ಒಮ್ಮೆ ಏಪ್ರಿಲ್–ಮೇನಲ್ಲಿ, ಒಮ್ಮೆ ಮಳೆ ಹಿಡಿದ ಮೇಲೆ ನೋಡಿದರೆ ಅರ್ಧ ಸತ್ಯ ತಾನೇ ಹೊರಬರುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಹಾಕಿದ ಬಾಗಿಲು ಆಗಸ್ಟಿನಲ್ಲಿ ಚೌಕಟ್ಟಿಗೆ ಕಚ್ಚಿಕೊಂಡರೆ ಪಾಯ ಆಡುತ್ತಿದೆಯೇ ಎಂದು ಕೇಳಲೇಬೇಕು, ಬರೀ ಮರ ಉಬ್ಬಿದ್ದೂ ಇರಬಹುದು. ಪಾಯದ ಪಕ್ಕ ಗುಂಡಿ ತೋಡಿಸಿ ಗರಸು (ಕಲ್ಲು ಮಿಶ್ರಿತ ಗಟ್ಟಿ ಮಣ್ಣು) ಎಷ್ಟು ಅಡಿಗೆ ಸಿಗುತ್ತದೆ, ಪಾಯ ಅಲ್ಲಿವರೆಗೆ ಇಳಿದಿದೆಯೇ ನೋಡಿಸಿ. ಅರ್ಧ ದಿನದ ಕೂಲಿಯಲ್ಲಿ ಆಗುವ ಕೆಲಸ ಇದು. ನಾವು ಕೊಂಡ ಮೇಲೆ ಮಾಡಿಸಿದ್ದು ಮನೆ ಸುತ್ತ 4 ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಪಟ್ಟಿ ಮತ್ತು ಸೂರಿನ ನೀರನ್ನು ಚರಂಡಿವರೆಗೆ ಒಯ್ಯುವ ಪೈಪು. ಗೋಡೆ ಬುಡದ ಮಣ್ಣು ಒಮ್ಮೆಲೇ ನೆನೆಯದೆ, ಒಮ್ಮೆಲೇ ಒಣಗದೆ ಇದ್ದರೆ ಬಿರುಕು ತಡೆಯುತ್ತದೆ. ಚಿತ್ರದುರ್ಗದ ಕಡೆ ಕೆಂಪು ಗರಸು, ಬಂಡೆಯ ನೆಲದಲ್ಲಿ ಪಾಯಕ್ಕೆ ಈ ಕಾಟ ಕಡಿಮೆ, ಅಲ್ಲಿನ ಚಿಂತೆಯೆಲ್ಲ ನೀರಿನದು.

ಹಳೆಯ ಮಾಳಿಗೆ ಮನೆಯಾದರೆ ತೊಲೆ ಗೋಡೆಯೊಳಗೆ ಹೊಕ್ಕ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ. ಗೆದ್ದಲು, ತೇವ ಮೊದಲು ತಿನ್ನುವುದು ಅಲ್ಲಿಯೇ.

ನೀರಿನ ವಿಚಾರ ಮಾರುವವರನ್ನು ಕೇಳಬೇಡಿ. ನಲ್ಲಿ ಹತ್ತಿರ ಕೊಡ ಹಿಡಿದು ನಿಂತ ಹೆಣ್ಣುಮಕ್ಕಳನ್ನು "ಅಕ್ಕಾ, ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ? ಬ್ಯಾಸಿಗ್ಯಾಗೆ?" ಅಂತ ಕೇಳಿ. ನಾಲ್ಕು ದಿನಕ್ಕೊಮ್ಮೆ ಎಂದರೆ ಐದು ಜನರ ಮನೆಗೆ ತಲೆಗೆ 135 ಲೀಟರಿನಂತೆ 2,700 ಲೀಟರ್ ಬೇಕು. ಸಂಪು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ ಇದ್ದರೆ ಸುಮಾರು 6,800 ಲೀಟರ್ ಹಿಡಿಯುತ್ತದೆ, ಒಂದು ಸರದಿ ತಪ್ಪಿದರೂ ನಡೆಯುತ್ತದೆ. ಬೋರಿನ ನೀರನ್ನು ಪರೀಕ್ಷೆಗೆ ಕೊಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇಡ. ಜಗಳೂರು, ಚಿತ್ರದುರ್ಗ ಕಡೆ ಇದನ್ನು ಬಿಡಲೇಬೇಡಿ. ನಾಲೆ ಹತ್ತಿರದ ಮನೆಯಾದರೆ ನಾಲೆಯಲ್ಲಿ ನೀರು ಹರಿಯುವಾಗ ಶೌಚ ಗುಂಡಿಯ ಮುಚ್ಚಳ ತೆಗೆಸಿ ನೋಡಿ. ಅಂತರ್ಜಲ ಮೇಲೆ ಬಂದು ಗುಂಡಿ ಇಂಗದೆ ತುಂಬಿಕೊಳ್ಳುವುದು ಆಗಲೇ. ಬೋರು, ಬಾವಿಗೂ ಗುಂಡಿಗೂ ನಡುವೆ 50 ಅಡಿಯಾದರೂ ಇರಲಿ.

ಸುತ್ತಲಿನ ಗಾಳಿ ನೋಡಲು ನಸುಕಿನಲ್ಲಿ ಹೋಗಿ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಯ ಹೊಗೆ ಬೂದಿ ಯಾವ ದಿಕ್ಕಿಗೆ ಬರುತ್ತದೆ ಗೊತ್ತಾಗುತ್ತದೆ. ಕೊಯ್ಲಿನ ಕಾಲಕ್ಕೆ ಮೆಕ್ಕೆಜೋಳ ರಸ್ತೆ ಮೇಲೆ ಒಣಗಲು ಬೀಳುತ್ತದೆ, ಕಾರು ಬೈಕು ನಿಧಾನಕ್ಕೆ ದಾಟಬೇಕು. ಅದು ಊರಿನ ರೀತಿ, ಅದಕ್ಕೆ ಒಗ್ಗಿಕೊಳ್ಳುವ ಮನಸ್ಸಿದ್ದವರೇ ಇಲ್ಲಿ ಕೊಳ್ಳಬೇಕು.

ಹಣದ ಲೆಕ್ಕ ಹೀಗೆ. ಪಂಚಾಯಿತಿ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಶೇ. 10 ಸೆಸ್ ಮತ್ತು ಶೇ. 3 ಸರ್‌ಚಾರ್ಜ್, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಒಟ್ಟು ಶೇ. 7.65. 30 ಲಕ್ಷದ ಮನೆಗೆ 2,29,500 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರದ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. 30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಹೆಚ್ಚೆಂದರೆ ಬೆಲೆಯ ಶೇ. 90 ಕೊಡಬಹುದು, ಆದರೆ ಹಳ್ಳಿ ಮನೆಗೆ ಬ್ಯಾಂಕಿನ ಮೌಲ್ಯಮಾಪಕರು ಹಾಕುವ ಬೆಲೆ ಸಾಮಾನ್ಯವಾಗಿ ನಮ್ಮ ಬೆಲೆಗಿಂತ ಕಡಿಮೆ. ಅವರು 24 ಲಕ್ಷ ಎಂದರೆ ಸಾಲ 21.6 ಲಕ್ಷ, ಉಳಿದ 8.4 ಲಕ್ಷ ಮತ್ತು ನೋಂದಣಿ ಖರ್ಚು ಸೇರಿ ಹತ್ತಿರ ಹತ್ತಿರ 10.7 ಲಕ್ಷ ಕೈಯಿಂದಲೇ. ಕರಾರಿಗೆ ಮೊದಲೇ ಮೌಲ್ಯಮಾಪನ ಮಾಡಿಸಿ. ಮುಂಗಡ ಚೆಕ್ಕಿನಲ್ಲೋ ಖಾತೆಯ ಮೂಲಕವೋ ಇರಲಿ, ಆಸ್ತಿ ವ್ಯವಹಾರದಲ್ಲಿ 20,000 ಮತ್ತು ಮೇಲಿನ ಮೊತ್ತ ನಗದಾಗಿ ಪಡೆಯುವಂತಿಲ್ಲ.

ನೋಂದಣಿಯಾಯಿತೆಂದು ಸುಮ್ಮನಾಗಬೇಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕಂಡು ಖಾತೆ ಬದಲಾದ ಹೊಸ ಫಾರಂ 9, 11ಎ ಕೈಗೆ ಬರುವವರೆಗೆ ಬೆನ್ನು ಹತ್ತಿ. ಬೆಸ್ಕಾಂನಲ್ಲಿ ಆರ್‌ಆರ್ ನಂಬರನ್ನು (ಕರೆಂಟ್ ಸಂಪರ್ಕದ ನಂಬರು) ಹೆಸರಿಗೆ ಮಾಡಿಸಿಕೊಳ್ಳಿ. ಕೀಲಿ ತಗೊಳ್ಳುವ ದಿನವೇ ಮೀಟರ್ ರೀಡಿಂಗಿನ ಫೋಟೊ ತೆಗೆದು, ಹಳೆಯ ಕರೆಂಟ್ ಬಿಲ್ಲು, ನೀರಿನ ಬಾಕಿ ಮಾರಿದವರ ಎದುರಿಗೇ ಚುಕ್ತಾ ಮಾಡಿಸಿ.