ವಾಷಿಂಗ್ ಮಷೀನ್ ಹಿಂದಿನ ಚುಕ್ಕಿ: ಅಂಜುಬುರುಕ ನಾಯಿಯನ್ನು ದತ್ತು ತರುವವರಿಗೆ

ನಮ್ಮ ಮನೆಗೆ ಬಂದ ದಿನ ಚುಕ್ಕಿ ಮಾಡಿದ ಮೊದಲ ಕೆಲಸ ವಾಷಿಂಗ್ ಮಷೀನ್ ಹಿಂದೆ ನುಗ್ಗಿದ್ದು. ಅಲ್ಲಿ ಒಂದು ನಾಯಿ ಹಿಡಿಸುವಷ್ಟು ಜಾಗ ಇದೆ ಅಂತ ಅದುವರೆಗೆ ನನಗೆ ಗೊತ್ತೇ ಇರಲಿಲ್ಲ. ಒಂಬತ್ತು ದಿನ ಅದೇ ಅವಳ ಮನೆ. ರಾತ್ರಿ ನಾವು ಮಲಗಿದ ಮೇಲೆ ಹೊರಗೆ ಬಂದು, ತಿಂದು, ಮೂಲೆಯಲ್ಲಿ ಉಚ್ಚೆ ಮಾಡಿ ಮತ್ತೆ ಒಳಗೆ. ಬೆಳಿಗ್ಗೆ ನನಗೆ ಕಾಣುತ್ತಿದ್ದದ್ದು ಖಾಲಿ ಬಟ್ಟಲು, ಒದ್ದೆ ನೆಲ ಅಷ್ಟೇ. ಆ ಒಂಬತ್ತು ದಿನ ಬಟ್ಟೆಯನ್ನೆಲ್ಲ ಕೈಯಲ್ಲೇ ಒಗೆದೆ.

ನೀವೂ ಇಂಥದ್ದೇ ನಾಯಿಯನ್ನು ನೋಡಿಟ್ಟಿದ್ದರೆ, ಶೆಲ್ಟರ್‌ಗೆ ಒಂದೇ ಸಲ ಹೋಗಿ ತೀರ್ಮಾನ ಮಾಡಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಸಲ ಹೋಗಿ. ಗೂಡಿನ ಎದುರು ಅಡ್ಡ ತಿರುಗಿ, ಅದರ ಕಣ್ಣು ದಿಟ್ಟಿಸದೆ ಹತ್ತು ನಿಮಿಷ ಕೂತುಕೊಳ್ಳಿ. ಎಲ್ಲೋ ಪಾತ್ರೆ ಬಿದ್ದರೆ ಬೆಚ್ಚಿಬೀಳುವುದು ಸಹಜ. ಆಮೇಲೆ ಎಷ್ಟು ಹೊತ್ತಿಗೆ ಸುಧಾರಿಸಿಕೊಂಡಿತು ಅನ್ನೋದನ್ನು ನೋಡಿ. ನೀವು ಇರುವಾಗಲೇ ಏನಾದರೂ ತಿಂದರೆ ಒಳ್ಳೆಯ ಲಕ್ಷಣ.

ಪ್ರಶ್ನೆಗಳನ್ನು ದಿನಾ ಊಟ ಹಾಕುವವರ ಹತ್ತಿರ ಕೇಳಿ. ಮುಟ್ಟಿಸಿಕೊಳ್ಳುತ್ತದಾ? ಮಕ್ಕಳನ್ನು ಕಂಡರೆ ಹೇಗೆ? ಯಾರಾದರೂ ಕರೆದುಕೊಂಡು ಹೋಗಿ ವಾಪಸ್ ಬಿಟ್ಟಿದ್ದಾರಾ? ಬೇರೆ ನಾಯಿಗಳ ಜೊತೆ ಹೊಂದಿಕೊಳ್ಳುತ್ತದಾ? ಚುಕ್ಕಿಗೆ ಊಟ ಹಾಕುತ್ತಿದ್ದ ಹುಡುಗ ಒಂದೇ ಮಾತು ಹೇಳಿದ್ದ: "ಇವಳು ಮನುಷ್ಯರ ಹಿಂದೆ ಬರಲ್ಲ, ನಾಯಿ ಹಿಂದೆ ಬರ್ತಾಳೆ." ಅವತ್ತು ನಾನು ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆದರುವ ನಾಯಿಯನ್ನು ಕಂಡರೆ ಎಲ್ಲರೂ "ಪಾಪ, ಯಾರೋ ಹೊಡೆದಿರಬೇಕು" ಅನ್ನುತ್ತಾರೆ. ಹೊಡೆದಿರಬಹುದು, ಇಲ್ಲದೆಯೂ ಇರಬಹುದು. ಹುಟ್ಟಿದ 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಏನೇನು ನೋಡುತ್ತದೋ ಅದೆಲ್ಲ ಅದಕ್ಕೆ ಮಾಮೂಲಿ ಆಗುತ್ತದೆ. ಆ ಹೊತ್ತಿನಲ್ಲಿ ಮನುಷ್ಯರನ್ನೇ ಸರಿಯಾಗಿ ನೋಡದ ಮರಿಗೆ ಮುಂದೆ ಫ್ಯಾನ್, ಮೆಟ್ಟಿಲು, ಚಪ್ಪಲಿ ಸದ್ದು ಎಲ್ಲವೂ ಭೂತವೇ. ಹೊಡೆತ ತಿಂದ ಕಥೆ ಕಟ್ಟಿಕೊಂಡರೆ ಅಪ್ಪಿಕೊಂಡು ಸಮಾಧಾನ ಮಾಡೋಣ ಅನ್ನಿಸುತ್ತದೆ. ಅದೊಂದನ್ನು ಮಾತ್ರ ಮಾಡಬೇಡಿ.

ಮನೆಗೆ ಕರೆತರುವ ದಿನ ಜಾಸ್ತಿ ಎಚ್ಚರ ಬೇಕು. ಹೆದರಿದ ನಾಯಿ ಹಿಂದಕ್ಕೆ ಹಿಂದಕ್ಕೆ ಜಗ್ಗುತ್ತದೆ, ಕೊರಳಪಟ್ಟಿ ಕಿವಿ ದಾಟಿ ಕಳಚಿಕೊಳ್ಳುತ್ತದೆ, ನಾಯಿ ಮಾಯ. ಅದಕ್ಕೆ ಎದೆ, ಭುಜ ಸುತ್ತಿ ಕಟ್ಟುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಲೀಶ್ (ಹಿಡಿಯುವ ಹಗ್ಗ) ಹಾಕಿ. ಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟೇ ಸಡಿಲ ಇರಲಿ. ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಅವತ್ತೇ ಕೊರಳಿಗೆ ಬೀಳಲಿ. ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಇದ್ದರೆ ಅದನ್ನೂ ನಿಮ್ಮ ಹೆಸರಿಗೆ ಬದಲಾಯಿಸಿಕೊಳ್ಳಿ.

ಮೊದಲು ಒಂದೇ ಕೋಣೆ ಕೊಡಿ. ನಾನು ಇಡೀ ಮನೆ ಬಿಟ್ಟುಕೊಟ್ಟೆ, ಅವಳು ವೈರುಗಳ ನಡುವೆ ಹೋಗಿ ಕೂತಳು. ಅಂಥ ಸಂದಿಗಳನ್ನು ಮೊದಲೇ ಮುಚ್ಚಿ, ಬದಲಿಗೆ ಚಾದರ ಹೊದಿಸಿದ ಬೋನೋ ರಟ್ಟಿನ ಪೆಟ್ಟಿಗೆಯೋ ಇಡಿ. ಬೋನಿನ ಬಾಗಿಲು ಯಾವಾಗಲೂ ತೆರೆದಿರಲಿ. ಶೆಲ್ಟರ್‌ನಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಹಾಕಿ. ಬದಲಾಯಿಸುವುದಿದ್ದರೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ. ಸ್ನಾನ ಬೇಡ, ನೋಡಲು ಬರುವ ನೆಂಟರೂ ಬೇಡ. ಮೊದಲ ದಿನ ತಿನ್ನದಿದ್ದರೆ ಗಾಬರಿ ಬೇಡ. ಎರಡನೇ ದಿನವೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಮರಿಯಾದರೆ ಅಷ್ಟೂ ಕಾಯಬೇಡಿ. ನೋವಿದ್ದರೂ ನಾಯಿ ಮೂಲೆ ಹಿಡಿಯುತ್ತದೆ.

ಇನ್ನು ನನ್ನ ದೊಡ್ಡ ತಪ್ಪು. ಐದನೇ ದಿನ ತಾಳ್ಮೆ ಕೆಟ್ಟಿತು. ಮಷೀನ್ ಮುಂದಕ್ಕೆ ಎಳೆದೆ. ಚುಕ್ಕಿ ಓಡಲಿಲ್ಲ, ಕಚ್ಚಲಿಲ್ಲ. ಗೋಡೆಗೆ ಅಂಟಿಕೊಂಡು, ಬಾಲ ಹೊಟ್ಟೆಗೆ ಒತ್ತಿಕೊಂಡು, ಕೂತಲ್ಲೇ ಉಚ್ಚೆ ಮಾಡಿಕೊಂಡಳು. ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಮಷೀನನ್ನು ಮೆಲ್ಲಗೆ ವಾಪಸ್ ತಳ್ಳಿದೆ. ಅವತ್ತು ರಾತ್ರಿ ಬಟ್ಟಲು ಖಾಲಿಯಾಗಲಿಲ್ಲ.

ಮಾರನೇ ದಿನದಿಂದ ಮಷೀನಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಪೇಪರ್ ಓದತೊಡಗಿದೆ, ಸ್ವಲ್ಪ ಗಟ್ಟಿಯಾಗಿ, ನನ್ನ ದನಿ ಅವಳಿಗೆ ಅಭ್ಯಾಸವಾಗಲಿ ಅಂತ. ನಡುನಡುವೆ ಬೇಯಿಸಿದ ಕೋಳಿಯ ತುಣುಕು ಎಸೆಯುತ್ತಿದ್ದೆ, ನನ್ನ ಕಡೆಗಲ್ಲ, ಅವಳ ಹಿಂದಕ್ಕೆ. ತುಣುಕನ್ನು ಕೈಯಲ್ಲಿ ಹಿಡಿದು ಕರೆದರೆ ಹಸಿವು ಮುಂದಕ್ಕೆ ಎಳೆಯುತ್ತದೆ, ಭಯ ಹಿಂದಕ್ಕೆ. ನುಂಗಿ ತಲೆ ಎತ್ತಿದರೆ ಎದುರಿಗೇ ಮನುಷ್ಯ! ಮತ್ತೆ ಬರುವ ಧೈರ್ಯವೇ ಹೋಗುತ್ತದೆ. ಹಿಂದಕ್ಕೆ ಎಸೆದರೆ ದೂರ ಹೋಗಿ ತಿಂದು, ತಾನೇ ಲೆಕ್ಕ ಹಾಕಿಕೊಂಡು ಹತ್ತಿರ ಬರುತ್ತದೆ.

ಒಂಬತ್ತನೇ ದಿನ ಮೊಣಕೈಗೆ ಏನೋ ತಣ್ಣಗೆ ತಾಗಿತು. ಮೂಗು. ನಾನು ತಿರುಗಿ ನೋಡಲಿಲ್ಲ, ಕೈ ಎತ್ತಲಿಲ್ಲ, ಅದೇ ಸಾಲನ್ನು ನಾಲ್ಕು ಸಲ ಓದಿದೆ. ಸುಮ್ನೆ ಇರೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಮುಟ್ಟಲು ಬಿಟ್ಟ ಮೇಲೂ ತಲೆಯ ಮೇಲಿಂದ ಕೈ ತರಬೇಡಿ. ಎದೆಯ ಹತ್ತಿರ, ಗಲ್ಲದ ಕೆಳಗೆ ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಒರಗುತ್ತದೆ. ನಿದ್ದೆ ಇಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ತುಟಿ ನೆಕ್ಕುವುದು, ಮುಖ ಆಚೆ ತಿರುಗಿಸುವುದು ಇವೆಲ್ಲ "ಸಾಕು" ಅನ್ನುವ ಮಾತೇ. ಗುರ್ ಅಂದರೆ ಗದರಬೇಡಿ, ದೂರ ಸರಿಯಿರಿ. ಗುರ್ ಅನ್ನಬಾರದು ಅಂತ ಕಲಿತ ನಾಯಿ ಮುಂದೆ ಹೇಳದೆ ಕೇಳದೆ ಕಚ್ಚಬಹುದು. ಹೆದರಿ ತಾನಾಗಿ ನಿಮ್ಮ ಹತ್ತಿರ ಬಂದರೆ ಮಾತ್ರ ಧಾರಾಳವಾಗಿ ಸಮಾಧಾನ ಮಾಡಿ. ಅದರಿಂದ ಭಯ ಜಾಸ್ತಿ ಆಗುತ್ತದೆ ಅನ್ನೋದು ಸುಳ್ಳು.

ಮೂರು ದಿನ ದಿಕ್ಕು ತೋಚುವುದಿಲ್ಲ, ಮೂರು ವಾರಕ್ಕೆ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ಮನೆ ತನ್ನದು ಅನ್ನಿಸುತ್ತದೆ ಅಂತ ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಇದೆ. ಅಂಜುಬುರುಕರ ವಿಷಯದಲ್ಲಿ ಆ ಲೆಕ್ಕ ನೆಚ್ಚಿಕೊಳ್ಳಬೇಡಿ. ಚುಕ್ಕಿ ಬಾಗಿಲ ಹೊಸ್ತಿಲು ದಾಟಿದ್ದೇ ಆರನೇ ವಾರದಲ್ಲಿ, ಅದೂ ತಪ್ಪಿಸಿಕೊಂಡು.

ಪಾರ್ಸೆಲ್ ತಗೊಳ್ಳಲು ಬಾಗಿಲು ತೆರೆದಿದ್ದೆ, ಕಾಲ ಸಂದಿಯಲ್ಲಿ ನುಸುಳಿ ಹೋದಳು. "ಚುಕ್ಕೀ" ಅಂತ ಕೂಗುತ್ತಾ ಹಿಂದೆ ಓಡಿದೆ. ಅವಳು ಇನ್ನೂ ಜೋರಾಗಿ ಓಡಿದಳು, ಓಡದೆ ಇನ್ನೇನು? ಆಗ ನೆನಪಾಯಿತು ಆ ಹುಡುಗನ ಮಾತು. ಪಕ್ಕದ ಮನೆಯ ಮುದಿ ಲ್ಯಾಬ್ರಡಾರ್ ಬ್ರೂನೋನನ್ನು ಕೇಳಿ ಕರೆತಂದೆ. ಅವನನ್ನು ಅವಳ ಕಣ್ಣಿಗೆ ಬೀಳುವಂತೆ ನಿಧಾನವಾಗಿ ಮನೆ ಕಡೆಗೆ ನಡೆಸಿದೆವು, ಅವಳ ಕಡೆ ನೋಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಹಿಂದೆ ಉಗುರಿನ ಟಿಕ್ ಟಿಕ್ ಕೇಳಿಸಿತು. ಇಬ್ಬರೂ ಒಳಗೆ ಬಂದ ಮೇಲೆ ಬಾಗಿಲು ಹಾಕಿದೆ. ಬ್ರೂನೋ ಇಲ್ಲದವರು ಕೂಗದೆ, ಅಟ್ಟಿಸಿಕೊಂಡು ಹೋಗದೆ ಅಲ್ಲೇ ನೆಲದ ಮೇಲೆ ಕೂತು ತಿಂಡಿ ಚೆಲ್ಲಿ. ಅದರ ಹಾಸಿಗೆ ಬಟ್ಟೆಯನ್ನು ಬಾಗಿಲ ಬಳಿ ಇಡಿ. ನಮ್ಮ ಮನೆಯಲ್ಲಿ ಈಗ ಬಾಗಿಲಿನ ಒಳಗೆ ಇನ್ನೊಂದು ಸಣ್ಣ ಗೇಟ್ ಇದೆ. ನೀವು ಮೊದಲ ದಿನವೇ ಹಾಕಿಸಿ.

ತಿಂಗಳುಗಟ್ಟಲೆ ಕಾದರೂ ಬದಲಾವಣೆ ಕಾಣದಿದ್ದರೆ ಡಾಕ್ಟರಿಗೆ ಹೇಳಿ. ಆತಂಕಕ್ಕೆ ಔಷಧಿ ಇದೆ, ಕೊಡಿಸಲು ಮುಜುಗರ ಬೇಡ. ಬಲವಂತವಾಗಿ ಜನರ ನಡುವೆ ಎಳೆದುಕೊಂಡು ಹೋದರೆ ಭಯ ಬಿಡುತ್ತದೆ ಅನ್ನುವ ತರಬೇತುದಾರರಿಗೆ ಮಾತ್ರ ದೂರದಿಂದಲೇ ನಮಸ್ಕಾರ ಹೇಳಿ.

ಎರಡು ವರ್ಷವಾಯಿತು. ರಾತ್ರಿ ಚುಕ್ಕಿ ನನ್ನ ಮಂಚದ ಪಕ್ಕ ಮಲಗುತ್ತಾಳೆ. ಬೆಲ್ ಆದರೆ ಈಗಲೂ ಸೀದಾ ಮಷೀನ್ ಹಿಂದೆ. ವೈರುಗಳನ್ನೆಲ್ಲ ಗೋಡೆಗೆ ಎತ್ತರದಲ್ಲಿ ಬಿಗಿದು, ಕೆಳಗೆ ಒಂದು ಹಳೇ ಚಾಪೆ ಹಾಕಿದ್ದೇನೆ. ಕಳೆದ ತಿಂಗಳು ಹಳೇ ಮಷೀನ್ ಕೆಟ್ಟು ಹೊಸದು ಬಂತು. ಕೂರಿಸಲು ಬಂದವರು "ಗೋಡೆಗೆ ಒತ್ತಿಸಿ ಇಡಲಾ?" ಅಂತ ಕೇಳಿದರು. ಬೇಡ, ಒಂದೂವರೆ ಅಡಿ ಬಿಡಿ ಅಂದೆ.